ಗುಂಡುತೋಪಿಗೆ ಬೆಲೆ ಕಟ್ಟುವ ಬಗೆ ಯಾವುದು?

ಪ್ರಶ್ನೆ: ತೋಪಿನಕಟ್ಟೆ (ಮುಳಬಾಗಿಲು ತಾಲ್ಲೂಕು)

ನಮ್ಮೂರ ಕೆರೆಯ ಏರಿಯ ಕೆಳಗೆ, ಅಚ್ಚುಕಟ್ಟಿನ ಮೊದಲ ಗದ್ದೆಗೂ ಊರ ದಾರಿಗೂ ನಡುವೆ, ನಾಲ್ಕು ಎಕರೆಯ ಗುಂಡುತೋಪು, ಅಂದರೆ ಊರಿಗೆಲ್ಲ ಸೇರಿದ ಮರಗಳ ತೋಪು, ಇದೆ. ಹೋದ ವಾರ ಕುಳಿತು ಎಣಿಸಿದೆ: ಹೊಂಗೆ 31, ಹುಣಸೆ 19, ಹಳೆಯ ಮಾವು 11, ಹಿಪ್ಪೆ 6, ಒಂದು ಅರಳಿ. ಹಿಪ್ಪೆಯ ಎಳೆಯ ಸಸಿ ಒಂದೂ ಕಣ್ಣಿಗೆ ಬೀಳಲಿಲ್ಲ. ಈಗಿರುವ ಆರು ಹೋದರೆ ಊರಿನಲ್ಲಿ ಹಿಪ್ಪೆಯೆಂಬುದೇ ಇಲ್ಲವಾಗುತ್ತದೆ.

ಕಳೆದ ತಿಂಗಳು ನಡೆದ ಪಂಚಾಯಿತಿ ಸಭೆಯಲ್ಲಿ, ತೋಪಿನ ಅರ್ಧ ಭಾಗವನ್ನು ತೆರವು ಮಾಡಿ ಬಾಡಿಗೆ ಮಳಿಗೆಗಳನ್ನು ಕಟ್ಟಬೇಕೆಂಬ ಪ್ರಸ್ತಾಪ ಬಂತು. ವಿರೋಧಿಸಿದವರಿಗೆ ಸಿಕ್ಕ ಉತ್ತರ ಒಂದೇ ಸಾಲಿನದು: ಈ ತೋಪಿನಿಂದ ಪಂಚಾಯಿತಿಗೆ ಆದಾಯವೇನು? ಲೆಕ್ಕದ ಪುಸ್ತಕದಲ್ಲಿ ಇರುವುದು ವರ್ಷಕ್ಕೊಮ್ಮೆ ನಡೆಯುವ ಹುಣಸೆ ಹರಾಜಿನ ಹಣ ಮಾತ್ರ. ಮಳಿಗೆಯ ಒಂದು ತಿಂಗಳ ಬಾಡಿಗೆಯ ಎದುರು ಅದು ನಿಲ್ಲುವುದಿಲ್ಲ ಎಂಬುದನ್ನು ನಾನೂ ಒಪ್ಪಬೇಕಾಯಿತು. ನಾನು ಊರಿನ ಗಿಡಮರ, ಜೀವಿಗಳನ್ನು ದಾಖಲಿಸಿ ಕಾಯಬೇಕಾದ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯ. ಸಮಿತಿ ಇಷ್ಟು ದಿನ ಕಾಗದದ ಮೇಲಷ್ಟೇ ಇತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಹಿರಿಯರು ಊರನ್ನು ಕಟ್ಟಿದ ರೀತಿಯಲ್ಲಿ ಕೆರೆ, ತೋಪು, ಗೋಮಾಳ, ಕುಂಟೆ, ಹೊಲದ ಬದು ಇವು ಬೇರೆಬೇರೆ ಆಸ್ತಿಗಳಾಗಿರಲಿಲ್ಲ. ಗೋಮಾಳದಲ್ಲಿ ಮೇಯ್ದ ದನದ ಗೊಬ್ಬರ, ತೋಪಿನ ಹೊಂಗೆ ಸೊಪ್ಪು, ಬೇಸಿಗೆಯಲ್ಲಿ ಕೆರೆಯಂಗಳದಿಂದ ಗಾಡಿಯಲ್ಲಿ ಹೇರಿ ತಂದ ಗೋಡು ಎಂಬ ಹೂಳುಮಣ್ಣು, ಈ ಮೂರೂ ರಾಗಿ ಹೊಲಕ್ಕೆ ಬಂದು ಸೇರುತ್ತಿದ್ದವು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಬಂದ ಮೇಲೆ, ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ನಗುತ್ತಿದ್ದ ಎಷ್ಟೋ ಹೊಲಗಳು ಸಾಲು ಕಂಬಗಳ ಬಯಲಾದವು. ಈಗ ಉಳಿದಿರುವುದು ಆ ಹಳೆಯ ಏರ್ಪಾಡಿನ ತುಣುಕುಗಳು.

ತಿಳಿದವರಲ್ಲಿ ನನ್ನ ಕೇಳಿಕೆ ಇಷ್ಟು. ಇಂಥ ತೋಪು ಕೊಡುವ ನೆರಳು, ನೀರಿಂಗುವಿಕೆ, ಸೊಪ್ಪು, ಜೇನು, ಹಕ್ಕಿ ಇವುಗಳಿಗೆ ರೂಪಾಯಿಯಲ್ಲಿ ಬೆಲೆ ಕಟ್ಟಿ ಗ್ರಾಮಸಭೆಯ ಮುಂದೆ ಇಡಲು ಸಾಧ್ಯವೇ? ಸಾಧ್ಯವಾದರೆ ಯಾವುದನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಬಹುದು, ಯಾವುದನ್ನು ಹಾಕಬಾರದು? ಬೆಲೆ ಕಟ್ಟುವುದೇ ತಪ್ಪು ಎನ್ನುವವರಿದ್ದರೆ ಅವರ ಮಾತನ್ನೂ ಕೇಳಲು ಸಿದ್ಧನಿದ್ದೇನೆ.

ಉತ್ತರ 1: ಕೂಡುಕಳೆ (ಚಿಕ್ಕಬಳ್ಳಾಪುರ)

ಸಾರ್, ನಾನು ಅರ್ಥಶಾಸ್ತ್ರ ಪಾಠ ಮಾಡುವವನು. ಮೊದಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ: ಒಟ್ಟು ತೋಪಿಗೆ ಒಂದೇ ದೊಡ್ಡ ಮೊತ್ತವನ್ನು ಬರೆದುಕೊಂಡು ಸಭೆಗೆ ಹೋಗಬೇಡಿ. 1997ರಲ್ಲಿ ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ಇಡೀ ಭೂಮಿಯ ಪರಿಸರ ಸೇವೆಗಳ, ಅಂದರೆ ನಿಸರ್ಗ ಮನುಷ್ಯರಿಗೆ ಒದಗಿಸುವ ಉಪಯೋಗಗಳ, ಬೆಲೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು ಅಂದಾಜಿಸಿದರು. ಅದು ಆಗಿನ ಜಗತ್ತಿನ ಎಲ್ಲ ದೇಶಗಳ ಒಟ್ಟು ಉತ್ಪನ್ನಕ್ಕಿಂತ ಹೆಚ್ಚಿತ್ತು. ಲೋಕವೆಲ್ಲ ಅದರ ಬಗ್ಗೆ ಮಾತನಾಡಿತು, ನಿಜ. ಆದರೆ ಗಳಿಸುವುದಕ್ಕಿಂತ ಹೆಚ್ಚಿನ ಹಣವನ್ನು ಕೊಡುವವರು ಯಾರು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬಂತು. ನಿಮ್ಮ ಸಭೆಯಲ್ಲೂ ಯಾರಾದರೂ ಅದನ್ನೇ ಕೇಳುತ್ತಾರೆ.

2005ರಲ್ಲಿ ಹೊರಬಂದ, ಸಹಸ್ರಮಾನದ ಪರಿಸರ ಮೌಲ್ಯಮಾಪನ ಎಂಬ ವಿಶ್ವಸಂಸ್ಥೆ ಆಶ್ರಯದ ವರದಿ ಈ ಸೇವೆಗಳನ್ನು ನಾಲ್ಕು ಗುಂಪುಗಳಲ್ಲಿ ಇರಿಸಿತು: ಕೈಗೆ ಸಿಗುವ ವಸ್ತುಗಳು, ನೀರು-ಗಾಳಿ-ರೋಗಗಳ ನಿಯಂತ್ರಣ, ಸಂಸ್ಕೃತಿಗೆ ಸಂಬಂಧಿಸಿದವು, ಮತ್ತು ಮಣ್ಣು ರೂಪುಗೊಳ್ಳುವಂಥ ಆಧಾರ ಕ್ರಿಯೆಗಳು. ಲೆಕ್ಕ ತಪ್ಪುವುದು ಈ ನಾಲ್ಕನೆಯದರಲ್ಲಿ. ಹೊಂಗೆ ಸೊಪ್ಪಿಗೂ ಬೆಲೆ ಹಾಕಿ, ಆ ಸೊಪ್ಪಿನಿಂದ ಫಲವತ್ತಾದ ಮಣ್ಣಿಗೂ ಹಾಕಿ, ಆ ಮಣ್ಣಿನಲ್ಲಿ ಹೆಚ್ಚಿಗೆ ಬಂದ ರಾಗಿಗೂ ಹಾಕಿದರೆ ಒಂದೇ ರೂಪಾಯಿಯನ್ನು ಮೂರು ಸಲ ಎಣಿಸಿದಂತಾಗುತ್ತದೆ. ಕೊನೆಗೆ ಮನುಷ್ಯರ ಕೈ ಸೇರುವ ಹಂತದಲ್ಲಿ ಒಮ್ಮೆ ಮಾತ್ರ ಎಣಿಸಿ.

ಇನ್ನು ನೀರು. ಒಂದು ಎಕರೆಯ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 28 ಲಕ್ಷ ಲೀಟರ್. ನಿಮ್ಮ ನಾಲ್ಕು ಎಕರೆಗೆ ಒಂದು ಕೋಟಿ 13 ಲಕ್ಷ ಲೀಟರ್. ಮಳಿಗೆ ಕಟ್ಟಿ ಕಾಂಕ್ರೀಟ್ ಹಾಸಿದ ನೆಲಕ್ಕಿಂತ ತೋಪಿನ ನೆಲ ಇದರಲ್ಲಿ ನೂರಕ್ಕೆ ಐದು ಪಾಲು ಹೆಚ್ಚು ಇಂಗಿಸುತ್ತದೆ ಎಂದಿಟ್ಟುಕೊಂಡರೂ, ಅದು 5,000 ಲೀಟರ್‌ನ ಸುಮಾರು 113 ಟ್ಯಾಂಕರ್ ನೀರು. ಊರಿಗೆ ಟ್ಯಾಂಕರ್ ತರಿಸಿದ ವರ್ಷದ ಬಿಲ್ಲು ಪಂಚಾಯಿತಿಯಲ್ಲೇ ಇರುತ್ತದೆ. ದರವನ್ನು ಅದರಿಂದಲೇ ತೆಗೆದುಕೊಳ್ಳಿ. ಬದಲಿ ವೆಚ್ಚದ ವಿಧಾನ ಎಂದರೆ ಇದೇ. ಹಾಗೆಂದು ಇಂಗಿದ ನೀರೆಲ್ಲ ಕೊಳವೆಬಾವಿಗೆ ಬರುತ್ತದೆ ಎಂದು ಹೇಳಬೇಡಿ, ಮರಗಳೂ ಕುಡಿಯುತ್ತವೆ. ಎಲ್ಲ ಮರಗಳೂ ಒಂದೇ ಪ್ರಮಾಣದಲ್ಲಿ ಕುಡಿಯುವುದಿಲ್ಲ ಎಂಬುದು ಬೇರೆ ಮಾತು: ಹೊಸಕೋಟೆಯ ಬಳಿ ನಡೆದು 1990ರ ದಶಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೀಲಗಿರಿ ತೋಪು ಬಳಸಿದ ನೀರು ಅಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚೆಂದು ಕಂಡುಬಂದಿತ್ತು, ಆಳದ ಮಣ್ಣಿನಲ್ಲಿ ಹಳೆಯ ವರ್ಷಗಳಿಂದ ಉಳಿದಿದ್ದ ತೇವವನ್ನೂ ಅದರ ಬೇರು ಎಳೆದುಕೊಂಡಿತ್ತು.

ಐದು ಪಾಲು ಎಂಬುದು ನನ್ನ ಊಹೆ. ನೀವು ಊಹಿಸಬೇಕಾಗಿಲ್ಲ, ಅಳೆಯಬಹುದು. ಎಣ್ಣೆಯ ಅಥವಾ ಹಾಲಿನ ಪುಡಿಯ ದೊಡ್ಡ ತಗಡಿನ ಡಬ್ಬ ತೆಗೆದುಕೊಂಡು ತಳವನ್ನೂ ಕತ್ತರಿಸಿ ತೆಗೆಯಿರಿ. ಮೇಲೆ ಹಲಗೆಯಿಟ್ಟು ಸುತ್ತಿಗೆಯಿಂದ ಮೂರು ಬೆರಳಿನಷ್ಟು ಆಳಕ್ಕೆ ನೆಲದಲ್ಲಿ ಇಳಿಸಿ, ಒಂದು ಲೀಟರ್ ನೀರು ಹೊಯ್ದು, ಇಂಗಿ ಮುಗಿಯಲು ಹಿಡಿದ ಸಮಯವನ್ನು ಬರೆದುಕೊಳ್ಳಿ. ಮೊದಲ ಲೀಟರ್ ಒಣ ಮಣ್ಣಿನ ದಾಹ. ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಿರಿ. ತೋಪಿನೊಳಗೆ ಐದು ಕಡೆ, ಲಾರಿ ನಿಲ್ಲುವ ಬಯಲಿನಲ್ಲಿ ಐದು ಕಡೆ ಮಾಡಿ. ಸದಸ್ಯರ ಕಣ್ಣೆದುರಿಗೇ ಮಾಡಿದರೆ ಇನ್ನೂ ಒಳ್ಳೆಯದು.

ಉತ್ತರ 2: ತಲಪರಿಗೆ (ಮಧುಗಿರಿ ತಾಲ್ಲೂಕು)

ಮೇಲಿನ ಮೇಷ್ಟರ ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ನನಗೆ ಸಮಾಧಾನವಾಗಲಿಲ್ಲ, ಏಕೆಂದು ಹೇಳುತ್ತೇನೆ.

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸೀಮೆಯ ಹೊರಗಿನವರಿಗೆ ತಲಪರಿಗೆ ಎಂಬ ಮಾತು ಹೊಸದಿರಬಹುದು. ಹಳ್ಳದ ಅಥವಾ ಕೆರೆಯಂಗಳದ ಮರಳು ನೆಲದಲ್ಲಿ, ಒರತೆ ಏಳುವ ಜಾಗ ಗುರುತಿಸಿ ಹೊಂಡ ತೋಡಿ, ಅದರ ಬಾಯಿಂದ ಇಳಿಜಾರಿಗೆ ಕಾಲುವೆ ತೆಗೆದು, ನೀರನ್ನು ಕಟ್ಟೆಗೆ ತುಂಬಿಸಿ ಗದ್ದೆಗೆ ಬಿಡುತ್ತಿದ್ದರು. ಎಂಜಿನ್ನಿಲ್ಲ, ಏತವಿಲ್ಲ, ನೀರು ತಾನಾಗಿಯೇ ಹರಿಯುತ್ತಿತ್ತು. ನಾನು ಹುಡುಗನಾಗಿದ್ದಾಗ ನಮ್ಮ ತಲಪರಿಗೆಯ ಹೂಳನ್ನು ವರ್ಷಕ್ಕೊಮ್ಮೆ ಎತ್ತುತ್ತಿದ್ದರು. ಅಚ್ಚುಕಟ್ಟಿನಲ್ಲಿ ಜಮೀನಿದ್ದ ಪ್ರತಿ ಮನೆಯಿಂದ ಒಂದು ಆಳು ಬರಬೇಕು, ಬಾರದವರು ದಂಡ ಕಟ್ಟಬೇಕು. ಆ ದಂಡದ ದುಡ್ಡು ಮತ್ತೆ ತಲಪರಿಗೆಯ ಪೂಜೆಗೇ ಹೋಗುತ್ತಿತ್ತು. ಹೊಂಡದೊಳಗೆ ಇಳಿದವರು ಸೊಂಟಮಟ್ಟದ ಕೆಸರಿನಲ್ಲಿ ನಿಂತು ಮಂಕರಿ ತುಂಬುತ್ತಿದ್ದರೆ, ದಡದ ತನಕ ಸಾಲುಗಟ್ಟಿ ನಿಂತವರು ಅದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನಮ್ಮಂಥ ಹುಡುಗರ ಕೆಲಸ ಖಾಲಿ ಮಂಕರಿಗಳನ್ನು ವಾಪಸ್ಸು ಎಸೆಯುವುದು. ಮಧ್ಯಾಹ್ನದ ಹೊತ್ತಿಗೆ ಹೂಳು ತೆಗೆದ ಜಾಗದಲ್ಲಿ ಮರಳು ಸಣ್ಣಗೆ ಕುದಿಯುವಂತೆ ಅಲುಗಾಡಿ, ನೀರಿನ ಎಳೆ ಕಾಣಿಸಿಕೊಳ್ಳುತ್ತಿತ್ತು. ಕಣ್ಣು ಬಿಟ್ಟಿತು ಎಂದು ಹಿರಿಯರು ಕೂಗುತ್ತಿದ್ದರು.

ಆ ನೀರಿಗೆ ಯಾರೂ ಬೆಲೆ ಕಟ್ಟಿರಲಿಲ್ಲ, ಬದಲಿಗೆ ಆಳು ಕಟ್ಟಿದ್ದರು. ಒಂದು ಮನೆಗೆ ಎಷ್ಟು ನೀರಿನ ಪಾಳಿಯೋ ಅಷ್ಟು ಹೊರೆ. ಕೊಳವೆಬಾವಿ ಬಂದ ಮೇಲೆ ಮೊದಲು ಹೋದದ್ದು ನೀರಲ್ಲ, ಆಳು ಬರುವ ಪದ್ಧತಿ. ಆಮೇಲೆ ಹಳ್ಳದ ಮರಳು ಲಾರಿ ಹತ್ತಿತು, ಒರತೆ ಬತ್ತಿತು. ಕೆಲವು ವರ್ಷಗಳ ಹಿಂದೆ ಪುನರುಜ್ಜೀವನ ಎಂಬ ಹೆಸರಿನಲ್ಲಿ ಗುತ್ತಿಗೆದಾರರೊಬ್ಬರು ಜೆಸಿಬಿ ತಂದು ಎರಡು ದಿನದಲ್ಲಿ ನಮ್ಮ ಹೊಂಡವನ್ನು ಅಗಲ ಮಾಡಿ, ಬದಿಗೆ ಕಲ್ಲು ಕಟ್ಟಿ, ಫಲಕ ನೆಟ್ಟು ಹೋದರು. ಮರಳಿನ ಪದರವೇ ಕಿತ್ತುಹೋಗಿ ಕೆಳಗಿನ ಜೇಡಿ ಮೇಲೆ ಬಂದಿತ್ತು. ಈಗ ಅದರಲ್ಲಿ ನಿಲ್ಲುವುದು ಮಳೆಯ ನೀರು ಮಾತ್ರ, ಒರತೆಯದಲ್ಲ.

ಆದ್ದರಿಂದ ನಿಮ್ಮ ತೋಪಿಗೆ ಎಷ್ಟು ಲಕ್ಷ ಎಂದು ಬರೆಯುವ ಮುನ್ನ, ಅದರ ಹೊಣೆ ಹೊತ್ತ ಮನೆಗಳು ಎಷ್ಟು ಎಂದು ಬರೆಯಿರಿ. ಲಕ್ಷದ ಲೆಕ್ಕಕ್ಕೆ ಎದುರಾಗಿ ಎರಡು ಲಕ್ಷ ತರುವವನು ನಾಳೆ ಬಂದೇ ಬರುತ್ತಾನೆ. ಬೆಲೆ ಕಟ್ಟಿದ್ದನ್ನು ಮಾರುವುದೂ ಸುಲಭ.

ಉತ್ತರ 3: ಹುಲ್ಲುಗಾವಲು (ಶಿರಾ ತಾಲ್ಲೂಕು)

ತಲಪರಿಗೆಯ ಹಿರಿಯರ ಮಾತಿಗೆ ಗೌರವವಿಟ್ಟೇ ಒಂದು ತಿದ್ದುಪಡಿ ಹೇಳುತ್ತೇನೆ. ನಮ್ಮದು ಕುರಿ ಸಾಕುವ ಮನೆ. ಬೇಸಿಗೆಯಲ್ಲಿ ನಮ್ಮ ತಂದೆ ಮಂದೆಯನ್ನು ರೈತರ ಹೊಲದಲ್ಲಿ ರಾತ್ರಿ ತರುಬಿದರೆ, ರೈತರು ಅದಕ್ಕೆ ದುಡ್ಡನ್ನೋ ಕಾಳನ್ನೋ ಕೊಡುತ್ತಾರೆ. ಎಷ್ಟು ಕುರಿ, ಎಷ್ಟು ರಾತ್ರಿ ಎಂಬ ಮೇಲೆ ದರ ನಿಲ್ಲುತ್ತದೆ, ಚೌಕಾಸಿಯೂ ನಡೆಯುತ್ತದೆ. ಗೋಮಾಳದ ಹುಲ್ಲು ಕುರಿಯ ಹೊಟ್ಟೆಯ ಮೂಲಕ ಹೊಲಕ್ಕೆ ಬರುವ ಈ ಸೇವೆಗೆ ನಮ್ಮ ಹಳ್ಳಿಗಳೇ ಬೆಲೆ ಕಟ್ಟಿಕೊಂಡು ಬಂದಿವೆ, ಇದಕ್ಕೆ ಹೊರಗಿನ ಯಾವ ವರದಿಯೂ ಬೇಕಾಗಲಿಲ್ಲ. ಬೆಲೆ ಇದ್ದಮಾತ್ರಕ್ಕೆ ಮಾರಾಟವಾಗಲಿಲ್ಲ. ಗೋಮಾಳ ಹೋದದ್ದು ಬೆಲೆಯಿಂದಲ್ಲ, ಅದನ್ನು ಪಾಳು ಎಂದು ಕರೆದಿದ್ದರಿಂದ.

1966ರ ಕರ್ನಾಟಕ ಭೂ ಕಂದಾಯ ನಿಯಮಗಳ 97ನೆಯ ನಿಯಮದ ಪ್ರಕಾರ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಕಾದಿರಿಸಬೇಕು. ನಿಮ್ಮೂರಿನ ಜಾನುವಾರು ಗಣತಿಯ ಪಟ್ಟಿ ತೆಗೆದು ಇದನ್ನು ತಾಳೆ ನೋಡಿ. ಕೊರತೆ ಇರುವ ಊರಾದರೆ, ತೋಪಿನ ನೆರಳು ಮಧ್ಯಾಹ್ನದ ಹೊತ್ತು ದನ ನಿಲ್ಲುವ ಕೊನೆಯ ಜಾಗವಾಗಿರುತ್ತದೆ.

ಇನ್ನೊಂದು ಮಾತು. ಪುನಶ್ಚೇತನ ಎಂದರೆ ಗಿಡ ನೆಡುವುದು ಎಂದಷ್ಟೇ ತಿಳಿದವರು ಬಹಳ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ಅಲ್ಲಿ ಕೃಷ್ಣಮೃಗ ಉಳಿದಿರುವುದು ಅದು ಬಯಲು ಹುಲ್ಲುಗಾವಲಾಗಿ ಉಳಿದಿರುವುದರಿಂದ. ಹುಲ್ಲಿನ ನೆಲದಲ್ಲಿ ಒತ್ತಾಗಿ ಗಿಡ ನೆಟ್ಟರೆ ಜಿಂಕೆಗೂ ಕುರಿಗೂ ಒಟ್ಟಿಗೇ ಜಾಗ ತಪ್ಪುತ್ತದೆ. ಬಳ್ಳಾರಿ ಜಾಲಿಯ ವಿಷಯವೂ ಅಷ್ಟು ಸರಳವಲ್ಲ. ಅದು ಕೆರೆಯಂಗಳ ನುಂಗುತ್ತದೆ, ಒಪ್ಪಿದೆ. ಆದರೆ ಬೇಸಿಗೆಯಲ್ಲಿ ಅದರ ಕಾಯಿ ನಮ್ಮ ಮೇಕೆಗಳ ಮೇವು, ಅದರ ಕೊರಡು ಭೂಮಿಯಿಲ್ಲದವರ ಸೌದೆ ಮತ್ತು ಇದ್ದಿಲು. ಅದನ್ನು ಕೀಳುವ ದಿನವೇ ಅವರಿಗೆ ಬದಲಿ ಏನೆಂದು ಹೇಳದಿದ್ದರೆ ನಿಮ್ಮ ಲೆಕ್ಕದಲ್ಲಿ ಒಂದು ಕಲಮು ಖಾಲಿ ಎಂದೇ ಅರ್ಥ.

ನಮ್ಮ ತಾಲ್ಲೂಕಿನ ಕಗ್ಗಲಡುವಿಗೆ ಬಿಡುವಾದಾಗ ಬನ್ನಿ. ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಮರಿಗಳು ಕೆಳಗೆ ಬೀಳುತ್ತವೆ, ಹಿಕ್ಕೆಯ ನಾತವೂ ಇರುತ್ತದೆ, ಜನ ಸಹಿಸಿಕೊಂಡಿದ್ದಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಹಕ್ಕಿ ಗೂಡು ಕಟ್ಟಿದ ಹುಣಸೆಮರದ ಒಡೆಯರಿಗೆ, ಕಾಯಿ ಬಡಿಯದೆ ಬಿಟ್ಟದ್ದಕ್ಕಾಗಿ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿಯಿದೆ. ಸಭೆಯಲ್ಲಿ ಉದಾಹರಣೆ ಕೇಳಿದರೆ ಇದನ್ನು ಹೇಳಿ.

ಉತ್ತರ 4: ನಕಾಶೆ (ಕೋಲಾರ)

ಚುಟುಕಾಗಿ ಹೇಳುತ್ತೇನೆ. ಬೆಲೆಯ ಚರ್ಚೆಗೆ ಮುನ್ನ ಪಹಣಿ ಮತ್ತು ಗ್ರಾಮ ನಕಾಶೆಯ ನಕಲು ತೆಗೆಸಿ, ತೋಪಿನ ಸರ್ವೆ ನಂಬರಿನ ಮುಂದೆ ಏನೆಂದು ದಾಖಲಾಗಿದೆ ನೋಡಿ. ಗುಂಡುತೋಪು ಎಂದೇ ಇದ್ದರೆ ಅದು ಊರವರ ಸಾಮುದಾಯಿಕ ಸ್ವತ್ತು. ಪಂಚಾಯಿತಿಯ ಒಂದು ನಿರ್ಣಯದಿಂದ ಅಲ್ಲಿ ಮಳಿಗೆ ಏಳುವುದಿಲ್ಲ. ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ನೀಡಿದ ತೀರ್ಪು ಗ್ರಾಮದ ಸಾಮುದಾಯಿಕ ಜಮೀನುಗಳ ಒತ್ತುವರಿ ತೆರವಿಗೆ ಯೋಜನೆ ರೂಪಿಸಲು ಎಲ್ಲ ರಾಜ್ಯಗಳಿಗೂ ಸೂಚಿಸಿದೆ. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು ಎಂಬುದನ್ನೂ ಸಭೆಯಲ್ಲಿ ನೆನಪಿಸಿ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ನಿಮ್ಮ ಸಮಿತಿ ಯಾವ ಕಾಯ್ದೆಯಡಿ ಇದೆಯೋ ಅದೇ 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ. ನಿಮ್ಮ ಸಮಿತಿ ಬರೆದಿಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಪ್ರತಿ ಮರವನ್ನೂ ಬರೆಸಿ.

ಕೆರೆಯ ಬಗ್ಗೆಯೂ ಒಂದು ಮಾತು. ನಮ್ಮ ಜಿಲ್ಲೆಗೆ 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು ಬರುತ್ತಿದೆ. ಅಂತರ್ಜಲ ಏರಿದ್ದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಎರಡನೆಯ ಹಂತದವರೆಗೆ ಮಾತ್ರ ಶುದ್ಧಿಯಾದ ಆ ನೀರನ್ನು ಕೆರೆಯಿಂದ ನೇರವಾಗಿ ಎತ್ತುವಂತಿಲ್ಲ, ಇಂಗಿದ ಮೇಲೆ ಬಾವಿಯಿಂದಲೇ ತೆಗೆಯಬೇಕು. ಕೆರೆ ವರ್ಷವಿಡೀ ತುಂಬಿರುವ ಕಡೆ ಗೋಡು ತೆಗೆಯುವ ಬೇಸಿಗೆಯೇ ಇಲ್ಲ, ಅಂಗಳದ ಹುಲ್ಲಿಲ್ಲ, ತೂಬು ಎತ್ತುವ ನೀರಗಂಟಿಗೆ ಕೆಲಸವಿಲ್ಲ. ಒಂದು ಸೇವೆ ಬಂದು ಮೂರು ಹೋದರೆ ಅದನ್ನೂ ಲೆಕ್ಕದಲ್ಲಿ ತೋರಿಸಬೇಕಾಗುತ್ತದೆ.

ಮರುನುಡಿ: ತೋಪಿನಕಟ್ಟೆ (ಮುಳಬಾಗಿಲು ತಾಲ್ಲೂಕು)

ಎಲ್ಲರಿಗೂ ವಂದನೆಗಳು. ಮೂರು ವಾರದ ಬಳಿಕ ಬರೆಯುತ್ತಿದ್ದೇನೆ.

ಕೂಡುಕಳೆಯವರು ಹೇಳಿದ ಡಬ್ಬದ ಪರೀಕ್ಷೆಯನ್ನು ಇಬ್ಬರು ಸದಸ್ಯರ ಎದುರಿಗೆ ಮಾಡಿದೆ. ಹೊಂಗೆಯ ಕೆಳಗೆ ಎರಡನೆಯ ಲೀಟರ್ ಐದು ಕಡೆಗಳಲ್ಲಿ ನಾಲ್ಕರಿಂದ ಒಂಬತ್ತು ನಿಮಿಷದೊಳಗೆ ಇಂಗಿತು. ಲಾರಿ ನಿಲ್ಲುವ ಬಯಲಿನಲ್ಲಿ ಡಬ್ಬ ನೆಲಕ್ಕೆ ಇಳಿಯುವುದೇ ಕಷ್ಟವಾಯಿತು; ಅಲ್ಲಿ ಮುಕ್ಕಾಲು ಗಂಟೆಯಾದರೂ ಅರ್ಧ ನೀರು ನಿಂತೇ ಇತ್ತು. ಮಳಿಗೆಯ ಪರವಾಗಿದ್ದ ಸದಸ್ಯರು ಗಡಿಯಾರ ನೋಡಿ ನೋಡಿ ಬೇಸತ್ತು, ಸಾಕು ಬಿಡಿ, ಅರ್ಥವಾಯಿತು ಎಂದರು. ಅವರು ನಿಲುವು ಬದಲಿಸಿದ್ದಾರೆಂದು ನಾನು ಹೇಳುವುದಿಲ್ಲ. ಆದರೆ ಪಾಳು ಜಾಗ ಎಂಬ ಮಾತು ಆಮೇಲೆ ಅವರ ಬಾಯಿಂದ ಬರಲಿಲ್ಲ.

ತಲಪರಿಗೆಯ ಹಿರಿಯರೇ, ತಮ್ಮ ಮಾತು ಮನಸ್ಸಿಗೆ ನಾಟಿತು. ಹೊಣೆ ಹೊತ್ತ ಮನೆಗಳ ಪಟ್ಟಿ ಮಾಡಲು ಹೊರಟಾಗ, ತೋಪನ್ನು ದಿನವೂ ಬಳಸುವವರು ಯಾರೂ ಸಭೆಗೆ ಬರುವವರಲ್ಲ ಎಂಬುದು ಗೊತ್ತಾಯಿತು. ಹೊಂಗೆ ಬೀಜ ಆರಿಸಿ ಮಾರುವ ಏಳು ಮಂದಿ ಹೆಂಗಸರು, ದನ ಕಾಯುವ ಇಬ್ಬರು ಮುದುಕರು, ಶಾಲೆಯ ಮಕ್ಕಳು. ಬೀಜ ಆರಿಸುವ ಅಜ್ಜಿಯೊಬ್ಬರು ನನ್ನನ್ನು ಮರದಿಂದ ಮರಕ್ಕೆ ಕರೆದೊಯ್ದು ಪರಿಚಯ ಮಾಡಿಸಿದರು. ಕಟ್ಟೆ ಪಕ್ಕದ ಹುಣಸೆ ಸಿಹಿ, ಬಾವಿಯ ಬಳಿಯದು ಕರಿ ಹುಳಿ, ಉಪ್ಪಿನಲ್ಲಿ ಹಾಕಿಟ್ಟರೆ ಎರಡು ವರ್ಷ ಕೆಡುವುದಿಲ್ಲ, ಮೂಲೆಯ ಮಾವು ಉಪ್ಪಿನಕಾಯಿಗೆ ಮಾತ್ರ. ಗುಬ್ಬಿ ತಾಲ್ಲೂಕಿನ ಚೇಳೂರು ಸೀಮೆಯ ಒಂದು ಹಲಸಿನ ಮರವೇ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಣ್ಣಿಗೆ ಬಿದ್ದು ಸಿದ್ದು ಹಲಸು ಎಂಬ ತಳಿಯಾದದ್ದನ್ನು ನಾನು ಓದಿದ್ದೆ. ನಮ್ಮ ತೋಪಿನ ಒಂದೊಂದು ಮರಕ್ಕೂ ಗುಣ ಬೇರೆ ಎಂಬುದು ಮಾತ್ರ ಐವತ್ತೆರಡು ವರ್ಷ ಅದೇ ಊರಿನಲ್ಲಿದ್ದೂ ನನಗೆ ತಿಳಿದಿರಲಿಲ್ಲ. ದಾಖಲಾತಿಯಲ್ಲಿ ಅವರು ಹೇಳಿದಂತೆಯೇ ಬರೆದಿದ್ದೇನೆ.

ಗ್ರಾಮಸಭೆಗೆ ಒಟ್ಟು ಮೊತ್ತವನ್ನು ಕೊಡುತ್ತಿಲ್ಲ. ಟ್ಯಾಂಕರಿನ ಬಿಲ್ಲಿನೊಂದಿಗೆ ನೀರಿನ ಲೆಕ್ಕ, ಬೀಜ ಮಾರಿದ ಹೆಂಗಸರು ತಾವೇ ಹೇಳಿದ ಆದಾಯ, ಹುಣಸೆ ಹರಾಜು, ಈ ಮೂರನ್ನು ಮಾತ್ರ ರೂಪಾಯಿಯಲ್ಲಿ ಇಡುತ್ತೇನೆ. ಉಳಿದದ್ದನ್ನು ಮರದ ಹೆಸರಿನೊಂದಿಗೆ ಓದಿ ಹೇಳುತ್ತೇನೆ. ಪಹಣಿಯಲ್ಲಿ ಗುಂಡುತೋಪು ಎಂದೇ ಇದೆ. ಆದರೆ ಅಳತೆ ಮಾಡಿಸಿದರೆ ನಾಲ್ಕು ಎಕರೆ ಪೂರ್ತಿ ಸಿಗುತ್ತದೋ ಎಂಬ ಅನುಮಾನ ಹುಟ್ಟಿದೆ, ಅದಕ್ಕೆ ಸರ್ವೆಗೆ ಅರ್ಜಿ ಕೊಟ್ಟಿದ್ದೇನೆ. ಹಿಪ್ಪೆ ಬೀಜ ಬಹಳ ದಿನ ಇಟ್ಟರೆ ಮೊಳೆಯುವುದಿಲ್ಲವಂತೆ, ಹಾಗಾಗಿ ಹಣ್ಣು ಉದುರುವ ಕಾಲಕ್ಕೆ ಶಾಲೆಯ ಮಕ್ಕಳಿಂದ ಆರಿಸಿ ಕೂಡಲೇ ತೊಟ್ಟೆಗಳಿಗೆ ಹಾಕಿಸುವ ಏರ್ಪಾಡಾಗಿದೆ.

ಹಳೆಯ ಹರಾಜು ಪುಸ್ತಕ ತಿರುವುವಾಗ ಮತ್ತೊಂದು ಸಿಕ್ಕಿತು. ಹರಾಜಿನ ಷರತ್ತುಗಳ ಕೊನೆಯಲ್ಲಿ, ಮಾಸಿದ ಶಾಯಿಯಲ್ಲಿ, ಬಾವಿಯ ಬಳಿಯ ಎರಡು ಮರಗಳ ಕಾಯಿಯನ್ನು ಹರಾಜು ಹಿಡಿದವರು ಮುಟ್ಟತಕ್ಕದ್ದಲ್ಲ, ಅದು ಊರ ಮಕ್ಕಳಿಗೆ ಮತ್ತು ದಾರಿಹೋಕರಿಗೆ ಸೇರಿದ್ದು ಎಂದಿದೆ. ಮುಂದಿನ ವರ್ಷಗಳ ಪುಟಗಳಲ್ಲಿ ಆ ಸಾಲು ಕಾಣೆಯಾಗಿದೆ. ಈ ಸಲದ ಹರಾಜು ನೋಟೀಸಿನಲ್ಲಿ ಅದನ್ನು ಇದ್ದ ಹಾಗೆಯೇ ಸೇರಿಸಬೇಕೆಂದು ಕಾರ್ಯದರ್ಶಿಗಳಿಗೆ ಬರೆದುಕೊಟ್ಟಿದ್ದೇನೆ; ಸಭೆ ಬರುವ ಗುರುವಾರ.